ಮಡಿಕೇರಿ ಮಳೆಗೆ ಐಕಿಯಾ: ಪೋಯೆಂಗ್ ಕುರ್ಚಿ ಸೈ, ಬಿಲ್ಲಿ ಕಪಾಟು ಜೋಪಾನ

ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ತಿಂಗಳು ಮಧ್ಯಾಹ್ನ ಮೂರಕ್ಕೇ ಕತ್ತಲು. ಬಿಳಿ ಗೋಡೆ, ತಿಳಿ ಬಣ್ಣದ ಮರ, ಅಲ್ಲಲ್ಲಿ ಸಣ್ಣ ದೀಪ ಎಂಬ ಸ್ಕ್ಯಾಂಡಿನೇವಿಯನ್ ಶೈಲಿಯ ಹಿಂದೆ ಇರುವುದು ಬೆಳಕಿನ ಆ ಬರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಮಡಿಕೇರಿಯ ಹಾಲ್‌ಗೂ ಅದೇ ಮದ್ದು ನಡೆಯುತ್ತದೆ. ಆದರೆ ಸ್ಟಾಕ್‌ಹೋಮ್‌ನ ಮನೆಯೊಳಗೆ ಚಳಿಗಾಲದಲ್ಲಿ ಹೀಟರ್ ಉರಿದು ಗಾಳಿ ಒಣಗಿರುತ್ತದೆ; ಇಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು. ಬೆಳಕಿನ ಪಾಠ ಹಾಗೇ ಕಲಿಯಬಹುದು, ಸಾಮಾನನ್ನು ಮಾತ್ರ ಆರಿಸಿ ತರಬೇಕು.

ಸ್ವೀಡನ್ ಮೂಲದ ಪೀಠೋಪಕರಣ ಕಂಪನಿ ಐಕಿಯಾ 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ತೆರೆದ ಮಳಿಗೆಯಿಂದ ತರುವುದಾದರೆ ಮೊದಲ ಆಯ್ಕೆ ಪೋಯೆಂಗ್ ಕುರ್ಚಿ. ಜಪಾನಿನ ನೊಬೊರು ನಕಮುರಾ 1970ರ ದಶಕದಲ್ಲಿ ರೂಪಿಸಿದ್ದು. ಇದರ ಚೌಕಟ್ಟು ತೆಳು ಹಾಳೆಗಳನ್ನು ಅಂಟಿಸಿ ಬಾಗಿಸಿದ ಮರ, ಹೊಟ್ಟಿನ ಹಲಗೆಯಲ್ಲ. ತೇವಕ್ಕೆ ಬೇಗ ಉಬ್ಬುವುದಿಲ್ಲ. ಜೋಡಿಸಿದ ಒಂದು ತಿಂಗಳಿಗೆ ಎಲ್ಲ ಸ್ಕ್ರೂಗಳನ್ನೂ ಅಲೆನ್ ಕೀಯಿಂದ (ಆರು ಮೂಲೆಯ ಬಾಗಿದ ಕೀ) ಇನ್ನೊಮ್ಮೆ ಬಿಗಿ ಮಾಡಿ, ಇಲ್ಲದಿದ್ದರೆ ಕಿರುಗುಟ್ಟುತ್ತದೆ. ಮೆತ್ತೆಯ ಗವಸು ಎರಡು ಜೊತೆ ಇರಲಿ. ಜುಲೈನಲ್ಲಿ ಒಗೆದದ್ದು ಒಣಗುವುದು ಯಾವಾಗಲೋ!

ಬಿಲ್ಲಿ ಪುಸ್ತಕದ ಕಪಾಟಿನದು ಬೇರೆ ಕಥೆ. 1979ರಲ್ಲಿ ಗಿಲ್ಲಿಸ್ ಲುಂಡ್‌ಗ್ರೆನ್ ವಿನ್ಯಾಸಗೊಳಿಸಿದ ಇದರ ದೊಡ್ಡ ಅಳತೆ 80 ಸೆಂ.ಮೀ. ಅಗಲ, 28 ಆಳ, 202 ಎತ್ತರ. ಒಂದು ಅಡ್ಡಹಲಗೆ 30 ಕಿಲೋ ತಡೆಯುತ್ತದೆ. ಇದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿದ ಹಲಗೆ; ಹೊರಮೈಯಲ್ಲಿ ಗಟ್ಟಿ. ನೀರು ಹೊಗುವುದು ಅಂಚು, ಸ್ಕ್ರೂ ತೂತು ಮತ್ತು ಬುಡದಿಂದ. ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಇಳಿಯುವುದಿಲ್ಲ, ಸ್ಕ್ರೂ ಹಿಡಿತವೂ ಹೋಗುತ್ತದೆ. ಜೋಡಿಸುವ ಮೊದಲೇ ಬುಡದ ಅಂಚಿಗೂ ತೆರೆದ ತೂತುಗಳ ಬಾಯಿಗೂ ಪಿಯು (ಪಾಲಿಯುರೆಥೇನ್) ವಾರ್ನಿಶ್ ಎರಡು ಸಲ ಹಚ್ಚಿ. ಕೆಳಗೆ ಒಂದಿಂಚಿನ ರಬ್ಬರ್ ಬುಷ್ ಕೊಡಿ. ಹಲಗೆಗಳನ್ನು ಒಂದಕ್ಕೊಂದು ಬಿಗಿಯುವ ದುಂಡನೆಯ ಕ್ಯಾಮ್ ಲಾಕ್ ತಿರುಗಿಸಲು ಡ್ರಿಲ್ ಮೆಷಿನ್ ಬೇಡ, ಕೈಯ ಸ್ಕ್ರೂಡ್ರೈವರ್ ಸಾಕು. ಬಿಚ್ಚಿ ಜೋಡಿಸಿದಷ್ಟೂ ಹಿಡಿತ ಸಡಿಲ.

ಗೋಡೆಗೆ ಅಂಟಿಸಿ ನಿಲ್ಲಿಸಿದರೆ ಹಿಂಬದಿಯ ತೆಳು ಹಾಳೆ ಡೊಂಕಾಗಿ ಬೂಷ್ಟು ಹಿಡಿಯುತ್ತದೆ. ಎರಡಿಂಚು ಬಿಡಿ. ಆಗ ಗೋಡೆಗೆ ಕಟ್ಟುವ ಬ್ರಾಕೆಟ್ ಎಟಕುವುದಿಲ್ಲ. ನಡುವೆ ಎರಡಿಂಚಿನ ಮರದ ತುಂಡು ಕೊಟ್ಟು ಕಟ್ಟಿ, ಕಟ್ಟದೆ ಬಿಡಬೇಡಿ, ಮಕ್ಕಳು ಹತ್ತಿದರೆ ಮಗುಚುತ್ತದೆ. ಹಳೆಯ ಮಣ್ಣಿನ ಗೋಡೆಯಲ್ಲಿ ಪ್ಲಗ್ ನಿಲ್ಲದು, ಅಡ್ಡಕ್ಕೆ ಸಾಗುವಾನಿ ಪಟ್ಟಿ ಬಡಿಸಿ ಅದಕ್ಕೆ ಕಟ್ಟಬೇಕು. ಮಳೆ ಹೊಡೆಯುವ ಪಶ್ಚಿಮದ ಗೋಡೆಗಂತೂ ಬಿಲ್ಲಿ ಬೇಡವೇ ಬೇಡ. ಮಳೆ ಕಡಿಮೆಯಿರುವ ಕುಶಾಲನಗರದ ಕಡೆ ಇಷ್ಟು ತಲೆನೋವಿಲ್ಲ.

ಬಣ್ಣ ಹೊಡೆಸುವುದು ಜನವರಿಯಿಂದ ಮಾರ್ಚ್ ಒಳಗೆ. ಅದಕ್ಕೂ ಮೊದಲು ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪ್‌ನಿಂದ ಗೋಡೆಗೆ ಅಂಟಿಸಿ; ಮರುದಿನ ಒಳಗೆ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ. ನೀಲಿ ಛಾಯೆಯ ಬಿಳಿ ಮೋಡದ ದಿನ ಬೂದಿಯಂತೆ ಕಾಣುತ್ತದೆ, ಕೆನೆಬಿಳಿ ಒಳ್ಳೆಯದು. ನಡುಮನೆಯ ಒಂದು ಟ್ಯೂಬ್‌ಲೈಟಿನ ಬದಲು 2700 ಕೆಲ್ವಿನ್‌ನ (ಬೆಚ್ಚನೆಯ ಹಳದಿ ಬೆಳಕಿನ) 5 ವಾಟ್ ಎಲ್‌ಇಡಿ ಮೂರು ಮೂಲೆಗೆ. ಒಟ್ಟು 15 ವಾಟ್. ಕರೆಂಟ್ ಹೋದ ರಾತ್ರಿ ಇನ್ವರ್ಟರ್‌ಗೆ ಭಾರವಲ್ಲ.

ಕುರಿಚರ್ಮ, ಉಣ್ಣೆಯ ಕಾರ್ಪೆಟ್ ಚಿತ್ರದಲ್ಲೇ ಚೆಂದ. ಇಲ್ಲಿಗೆ ಹತ್ತಿಯ ಜಮಖಾನ ಸಾಕು, ವಾರಕ್ಕೊಮ್ಮೆ ಎತ್ತಿ ಗಾಳಿಗೆ ಹಾಕಿ. ರೆಡ್ ಆಕ್ಸೈಡ್ ನೆಲವಿದ್ದರೆ ಅದರ ಮೇಲೆ ವಿನೈಲ್ ಹಾಸಬೇಡಿ, ತೇವ ಅಡಿಯಲ್ಲೇ ಉಳಿಯುತ್ತದೆ.

ತಿಳಿ ಮರವೇ ಬೇಕೆಂದರೆ ಕಾಫಿ ತೋಟದ ನೆರಳಿನ ಸಿಲ್ವರ್ ಓಕ್ ಇದೆಯಲ್ಲ, ಸೀಳಿದರೆ ಲೇಸಿನಂಥ ಚುಕ್ಕಿ ಕಾಣುವ ಮರ. ಟೀಪಾಯಿ, ಬೆಂಚಿಗೆ ಹೇಳಿ ಮಾಡಿಸಿದಂತಿದೆ. ಹಸಿ ಹಲಗೆಯಲ್ಲಿ ಕೆಲಸ ಶುರು ಮಾಡಲು ಆಚಾರಿಗೆ ಬಿಡಬೇಡಿ, ಒಣಗುವಾಗ ತಿರುಚಿಕೊಳ್ಳುತ್ತದೆ. ಹುಳು ಹಿಡಿಯದಂತೆ ಬೋರಾಕ್ಸ್–ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ನೀರು ಬೆರೆಸುವ ಬಗೆಯ ಮ್ಯಾಟ್ ಪಿಯು ಹೊಡೆಸಿ. ಎಣ್ಣೆ ಪಾಲಿಶ್‌ಗೆ ಬಣ್ಣ ಹಳದಿಗೆ ತಿರುಗುತ್ತದೆ.