ಅಪ್ಪಂಗೆ ತಗೊಂಡ ಏರ್ ಬೆಡ್, 8 ತಿಂಗಳು ಉಪಯೋಗಿಸಿದ್ಮೇಲೆ ಬರೀತಿದೀನಿ

ಅಪ್ಪಂಗೆ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ಹೋಯ್ತು, ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದು ಮೂರು ವಾರಕ್ಕೇ ಬೆನ್ನುಮೂಳೆ ಮುಗಿಯೋ ಜಾಗ ಕೆಂಪಗಾಗಿತ್ತು. ಬೆರಳಲ್ಲಿ ಒತ್ತಿ ಬಿಟ್ರೆ ಒಂದು ಕ್ಷಣ ಬೆಳ್ಳಗಾಗ್ಬೇಕು, ಆಗ್ಲಿಲ್ಲ. ನೋಡೋಕೆ ಬಂದ ನರ್ಸ್ ಇದು ಬೆಡ್ ಸೋರ್ (ಒಂದೇ ಕಡೆ ಮಲಗಿ ಭಾರ ಬಿದ್ದು ಆಗೋ ಹುಣ್ಣು) ಶುರು, ತಡ ಮಾಡ್ಬೇಡಿ ಅಂದ್ರು, ಅವತ್ತೇ ಆರ್ಡರ್ ಹಾಕಿದ್ವಿ.

ನಾವು ತಗೊಂಡಿದ್ದು ಬಬಲ್ ಟೈಪ್, ಇರೋ ಹಾಸಿಗೆ ಮೇಲೇ ಹಾಸೋದು. ಒಂದು ಸಾಲು ಗುಳ್ಳೆ ಉಬ್ಬಿದಾಗ ಪಕ್ಕದ ಸಾಲು ಇಳಿಯತ್ತೆ, ಆಮೇಲೆ ಅದಲು ಬದಲು, ಹಾಗಾಗಿ ಮೈಯ ಒಂದೇ ಜಾಗದ ಮೇಲೆ ಭಾರ ಕೂತಿರಲ್ಲ. ಪಂಪ್ ಮಂಚದ ಕಾಲಿನ ಕಡೆ ನೇತಾಕ್ಬೇಕು, ಸದ್ದು ತುಂಬಾ ಕಮ್ಮಿ, ಅಪ್ಪಂಗೆ ಎರಡೇ ದಿನದಲ್ಲಿ ಅಭ್ಯಾಸ ಆಯ್ತು.

ಆದ್ರೆ ಒಂದು ಮಾತು ಕೇಳಿ. ಬೆಡ್ ಬಂತಲ್ಲ ಅಂತ ಮೊದಲನೇ ವಾರ ನಾವು ರಾತ್ರಿ ಪೂರ್ತಿ ಅಪ್ಪನ್ನ ಅಂಗಾತ ಮಲಗ್ಸಿಬಿಟ್ವಿ, ಕೆಂಪು ಜಾಗ ಇನ್ನೂ ದೊಡ್ಡದಾಯ್ತು, ಇವತ್ತಿಗೂ ಅದು ನೆನಪಾದ್ರೆ ಹೊಟ್ಟೆ ಉರಿಯತ್ತೆ. ಬೆಡ್ ಇದ್ರೂ ಮಗ್ಗುಲು ಬದಲಾಯಿಸ್ಲೇಬೇಕು! ನಮಗೆ ಹೇಳಿದ್ದು 2 ಗಂಟೆಗೊಂದ್ಸಲ, ಅದೂ ಪೂರ್ತಿ ಪಕ್ಕಕ್ಕಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ, ಇಲ್ಲಾಂದ್ರೆ ಸೊಂಟದ ಪಕ್ಕದ ಮೂಳೆ ಮೇಲೆ ಭಾರ ಬಿದ್ದು ಅಲ್ಲೂ ಹುಣ್ಣಾಗತ್ತೆ. ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಇಟ್ಟು ಹಿಮ್ಮಡಿ ಗಾಳೀಲಿರೋ ಹಾಗೆ ಮಾಡಿ, ಹಿಮ್ಮಡಿನ ಎಲ್ರೂ ಮರೀತಾರೆ. ಎಳೆದು ಸರಿಸ್ಬೇಡಿ, ಕೆಳಗೆ ಮಡಿಸಿದ ಶೀಟ್ ಹಾಕಿ ಇಬ್ರು ಎರಡೂ ಕಡೆ ಹಿಡ್ಕೊಂಡು ಎತ್ತಿ, ಎಳೆದ್ರೆ ಚರ್ಮ ಉಜ್ಜಿ ಹೋಗತ್ತೆ. ಕೆಂಪಾದ ಜಾಗಾನ ತಿಕ್ಕಿ ಮಸಾಜ್ ಮಾಡೋದೂ ಬೇಡ, ರಿಂಗ್ ಥರ ನಡುವೆ ತೂತಿರೋ ದಿಂಬೂ ಬೇಡ, ಅದು ಸುತ್ತಲಿನ ರಕ್ತ ಓಡಾಟ ತಡೆಯತ್ತೆ. ಮೈಬಣ್ಣ ಕಪ್ಪಿದ್ರೆ ಕೆಂಪು ಕಾಣಲ್ಲ, ಕೈಯಲ್ಲಿ ಮುಟ್ಟಿ ನೋಡಿ, ಸುತ್ತಲಿಗಿಂತ ಬಿಸಿ ಅಥವಾ ಗಟ್ಟಿ ಅನ್ಸಿದ್ರೆ ಎಚ್ಚರ.

ಪಂಪ್‌ನಲ್ಲಿ ಗಾಳಿ ಹೆಚ್ಚು ಕಮ್ಮಿ ಮಾಡೋ ಪ್ರೆಶರ್ ನಾಬ್ ವಿಷಯ ಬಾಕ್ಸ್ ಜೊತೆ ಬಂದ ಹಾಳೇಲಿ ಸರಿಯಾಗಿ ಬರ್ದೇ ಇಲ್ಲ, ಇದಕ್ಕೆ ನಂಗೆ ನಿಜಕ್ಕೂ ಬೇಜಾರಿದೆ. ಗಟ್ಟಿ ಇದ್ರೇ ಒಳ್ಳೇದು ಅಂತ ನಾವು ಫುಲ್ ಇಟ್ಟಿದ್ವಿ, ತಪ್ಪು. ತೂಕಕ್ಕೆ ತಕ್ಕ ಹಾಗೆ ಇಡ್ಬೇಕು, ಆಮೇಲೆ ಏರ್ ಬೆಡ್ ಕೆಳಗೆ ಕೈ ತೂರಿಸಿ ಸೊಂಟ ಇರೋ ಕಡೆ ನೋಡ್ಬೇಕು, ಅಂಗೈಗೂ ಮೈಗೂ ನಡುವೆ ಸುಮಾರು 2.5 ಸೆಂಟಿಮೀಟರ್ ಗಾಳಿ ಇರ್ಬೇಕು, ಮೈ ನೇರ ಕೈಗೆ ತಾಗಿದ್ರೆ ಗಾಳಿ ಸಾಲ್ದು ಅಂತ.

ಮೇಲೆ ಒಂದೇ ತೆಳು ಕಾಟನ್ ಶೀಟ್, ಅದೂ ಸಡಿಲವಾಗಿ. ಕಂಬಳಿ, ರಬ್ಬರ್ ಶೀಟ್, ಮೇಲೆ ಇನ್ನೊಂದು ಬಟ್ಟೆ ಅಂತ ಪೇರ್ಸಿದ್ರೆ ಗುಳ್ಳೆ ಕೆಲಸ ಮೈಗೆ ಮುಟ್ಟೋದೇ ಇಲ್ಲ, ಬೆವರೂ ಜಾಸ್ತಿ. ಡೈಪರ್ ಒದ್ದೆ ಆದ ತಕ್ಷಣ ಬದಲಾಯಿಸಿ ಒರೆಸಿ ಒಣಗ್ಸಿ ಕ್ರೀಮ್ ಹಚ್ಚಿ. ಪಿನ್ನು, ಕತ್ತರಿ ಹತ್ರ ತರ್ಬೇಡಿ, ನಮ್ದು ಒಂದ್ಸಲ ಪಂಕ್ಚರ್ ಆಯ್ತು, ಜೊತೆಗೆ ಕೊಟ್ಟ ಪ್ಯಾಚ್‌ನಲ್ಲೇ ಸರಿಹೋಯ್ತು.

ಪಂಪ್ ಪೈಪ್ ಮಾತ್ರ ಮಂಚದ ಸಂದೀಲಿ ಸಿಕ್ಕಿ ಮಡಚ್ಕೊಳತ್ತೆ, ಕರೆಂಟ್ ಹೋದ್ರೆ ನಿಧಾನಕ್ಕೆ ಗಾಳಿ ಇಳಿಯತ್ತೆ, ಅದಕ್ಕೆ 5ಕ್ಕೆ 4. ಹಾಸಿಗೆ ಹಿಡಿದೋರು ಸ್ವಲ್ಪ ಸಣ್ಣಗಿದ್ದು ಹುಣ್ಣು ಇನ್ನೂ ಆಗಿಲ್ಲ ಅಂದ್ರೆ ಇದು ಸಾಕು, ತೂಕ ಜಾಸ್ತಿ ಇದ್ರೆ ಅಥವಾ ಚರ್ಮ ಆಗ್ಲೇ ಒಡೆದಿದ್ರೆ ಡಾಕ್ಟರನ್ನ ಕೇಳಿ ಗುಳ್ಳೆ ಬದಲು ದಪ್ಪ ಟ್ಯೂಬ್ ಇರೋ ಏರ್ ಬೆಡ್ ತಗೊಳ್ಳಿ. ಅಪ್ಪನ ಕೆಂಪು ಜಾಗ ಎರಡೂವರೆ ವಾರಕ್ಕೆ ಹೋಯ್ತು, ಮತ್ತೆ ಬಂದಿಲ್ಲ. ರಾತ್ರಿ 12, 2, 4 ಕ್ಕೆ ಅಲಾರಂ ಇಟ್ಕೊಂಡು ನಾನೂ ತಮ್ಮನೂ ಪಾಳಿ ಹಾಕ್ಕೊಂಡಿದೀವಿ.