ಸಿಂಗಪುರದಲ್ಲಿ ಸ್ವಂತ ಮನೆ: ಎಚ್‌ಡಿಬಿ ಫ್ಲ್ಯಾಟೋ, ಖಾಸಗಿ ಕಾಂಡೋವೋ?

ಸಿಂಗಪುರದ ಕಾಯಂ ನಿವಾಸಿಗಳಾದ ಕನ್ನಡಿಗ ದಂಪತಿಗಳು ಈ ಪ್ರಶ್ನೆ ಕೇಳಿದಾಗ, ಬೆಲೆಗಿಂತ ಮೊದಲು ನಾನು ವಿಚಾರಿಸುವುದು ಊರಿನ ಮನೆಯನ್ನು. ಎಚ್‌ಡಿಬಿಯ, ಅಂದರೆ ಸಿಂಗಪುರದ ಸರ್ಕಾರಿ ವಸತಿ ಮಂಡಳಿಯ, ಮರುಮಾರಾಟದ ಫ್ಲ್ಯಾಟ್ ಕೊಂಡ ಕಾಯಂ ನಿವಾಸಿಗಳು ಭಾರತದಲ್ಲಿ ತಮ್ಮ ಹೆಸರಿನಲ್ಲಿರುವ ವಾಸದ ಮನೆಯನ್ನೂ ಆರು ತಿಂಗಳೊಳಗೆ ಬಿಟ್ಟುಕೊಡಬೇಕು. ಮೈಸೂರಿನ ಮನೆ ಉಳಿಯಲೇಬೇಕೆನ್ನುವವರು ಕಾಂಡೋ, ಅಂದರೆ ಖಾಸಗಿ ಅಪಾರ್ಟ್‌ಮೆಂಟ್, ಕೊಳ್ಳಬೇಕು, ಇಲ್ಲವೇ ಬಾಡಿಗೆಗಿರಬೇಕು.

ಅಂಥ ತೊಡಕಿಲ್ಲದವರಿಗೆ ವೆಚ್ಚದಲ್ಲಿ ಎಚ್‌ಡಿಬಿಯೇ ಹಗುರ. ಅಷ್ಟೇ ವಿಸ್ತೀರ್ಣದ ಕಾಂಡೋ ಬಹಳ ದುಬಾರಿ, ಈಜುಕೊಳ ಮತ್ತು ಕಾವಲಿನ ನಿರ್ವಹಣಾ ಶುಲ್ಕವೂ ಹೆಚ್ಚು. ಆದರೆ ಎಚ್‌ಡಿಬಿ ಕೊಳ್ಳಲು ಇಬ್ಬರೂ ಕಾಯಂ ನಿವಾಸಿಗಳಾಗಿ 3 ವರ್ಷ ಕಳೆದಿರಬೇಕು, ಮಾರುವ ಮುನ್ನ ಸಾಮಾನ್ಯವಾಗಿ 5 ವರ್ಷ ಅಲ್ಲಿಯೇ ವಾಸಿಸಬೇಕು, ಮತ್ತು 1989ರಿಂದ ಜಾರಿಯಲ್ಲಿರುವ ಜನಾಂಗವಾರು ಮಿತಿಯಿಂದಾಗಿ ಮೆಚ್ಚಿದ ಕಟ್ಟಡದಲ್ಲಿ ಭಾರತೀಯರ ಪಾಲು ತುಂಬಿದ್ದರೆ ಮತ್ತೊಂದನ್ನು ಹುಡುಕಬೇಕಾಗುತ್ತದೆ.

ಕಾರ್ಖಾನೆಯಲ್ಲಿ ಎರಕಹೊಯ್ದ ಕಾಂಕ್ರೀಟ್ ಭಾಗಗಳನ್ನು ಜೋಡಿಸಿ ಸಾಲುಸಾಲಾಗಿ ಕಟ್ಟಿದ ಕಟ್ಟಡಗಳೆಂದು ಎಚ್‌ಡಿಬಿಯನ್ನು ಕೀಳಾಗಿ ಕಾಣುವುದು ತಪ್ಪು. ಮಾರುಕಟ್ಟೆ, ಶಾಲೆ, ಆಟದ ಬಯಲುಗಳೊಂದಿಗೇ ಯೋಜಿಸಿದ ಈ ಬಡಾವಣೆಗಳು ಮಕ್ಕಳಿರುವ ಕುಟುಂಬಕ್ಕೆ ನಿಜಕ್ಕೂ ಅನುಕೂಲಕರ. ನೋಡಬೇಕಾದದ್ದು ಗುತ್ತಿಗೆಯ ಅವಧಿ, ಅಂದರೆ ಮನೆಯ ಮೇಲಿನ ಹಕ್ಕು ಎಷ್ಟು ಕಾಲ ಉಳಿಯುತ್ತದೆ ಎಂಬುದು: ಒಟ್ಟು 99 ವರ್ಷ. 1975ರ ಫ್ಲ್ಯಾಟಿನಲ್ಲಿ ಅದರ ಅರ್ಧ ಈಗಾಗಲೇ ಮುಗಿದಿದೆ. ಕೆಲವು ಕಾಂಡೋಗಳಿಗಷ್ಟೇ ಶಾಶ್ವತ ಹಕ್ಕಿದೆ; ಮನೆಯನ್ನು ಮಕ್ಕಳಿಗೆ ಬಿಡಬೇಕೆಂದಿದ್ದರೆ ಅಂಥದ್ದನ್ನು ಹುಡುಕಬಹುದು.