ಮೂರು ಮಳೆಗಾಲ ಕಂಡ 4.5 ಹರ್ಟ್ಸ್ ಜಿಯೋಫೋನ್

2022ರ ಜೂನ್ ಕೊನೆಯಲ್ಲಿ ಕೊಡಗಿನ ಸಂಪಾಜೆ, ಚೆಂಬು ಕಡೆ ನೆಲ ಗುಡುಗಿದಾಗ ನಮ್ಮ ಅಡುಗೆಮನೆಯ ಪಾತ್ರೆಗಳು ಗಲಗಲ ಎಂದವು. ಮುಂದಿನ ಕಂಪನವನ್ನು ನಾನೇ ದಾಖಲಿಸಬೇಕೆಂಬ ಹಟ ಅಂದು ಹುಟ್ಟಿತು.

ಮೊದಲು ಕೊಂಡದ್ದು ತೈಲ ಶೋಧನೆಯಲ್ಲಿ ಬಳಸಿ ಮಾರಿದ್ದ 10 ಹರ್ಟ್ಸ್ ಜಿಯೋಫೋನ್, ಅಂದರೆ ನೆಲದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಉಪಕರಣ. ಬೆಲೆ ಕಡಿಮೆ, ಸಂವೇದನೆ ಸಾಕಷ್ಟಿತ್ತು, ಅಷ್ಟನ್ನೇ ನೋಡಿದೆ. ನೋಡಬೇಕಾಗಿದ್ದುದು ಸ್ವಾಭಾವಿಕ ಆವೃತ್ತಿಯನ್ನು, ಅಂದರೆ ಒಳಗಿನ ಸುರುಳಿ ತಾನಾಗಿ ಸೆಕೆಂಡಿಗೆ ಎಷ್ಟು ಸಲ ಓಲಾಡುತ್ತದೆ ಎಂಬುದನ್ನು. ಹರ್ಟ್ಸ್ ಸಂಖ್ಯೆ ಹೇಳುವುದು ಅದನ್ನೇ. ಜಿಯೋಫೋನಿನೊಳಗೆ ಅಯಸ್ಕಾಂತದ ಸುತ್ತ ತಂತಿಸುರುಳಿಯೊಂದು ಸ್ಪ್ರಿಂಗಿನಲ್ಲಿ ತೂಗುತ್ತಿರುತ್ತದೆ. ನೆಲ ಬೇಗ ಅಲುಗಿದರೆ ಸುರುಳಿ ಹಿಂದೆ ಉಳಿದು ವೋಲ್ಟೇಜ್ ಹುಟ್ಟುತ್ತದೆ. ನಿಧಾನವಾಗಿ ಅಲುಗಿದರೆ ನೆಲದ ಜೊತೆಗೇ ತೇಲಿಬಿಡುತ್ತದೆ. ದೂರದ ಭೂಕಂಪದ ಮೊದಲ ಅಲೆಗಳು ಬರುವ 1 ಹರ್ಟ್ಸ್ ಸುಮಾರಿನಲ್ಲಿ 10 ಹರ್ಟ್ಸಿನದು ತನ್ನ ಸಂವೇದನೆಯ ನೂರರಲ್ಲಿ ಒಂದು ಪಾಲು ಮಾತ್ರ ಕೊಡುತ್ತದೆ, 4.5 ಹರ್ಟ್ಸಿನದು ಇಪ್ಪತ್ತರಲ್ಲಿ ಒಂದು ಪಾಲು. ಹತ್ತಿರದ ಸಣ್ಣ ಕಂಪನಗಳಷ್ಟೇ ಬೇಕೆನ್ನುವವರಿಗೆ ಹಳೆಯದೇ ಸಾಕು. ನನಗೆ ಸಾಕಾಗಲಿಲ್ಲ.

4.5 ಹರ್ಟ್ಸಿನದಕ್ಕೆ ಬದಲಾದ ಮೇಲೆ ಸಿಕ್ಕ ದೊಡ್ಡ ದಾಖಲೆ 2025ರ ಮಾರ್ಚ್ 28ರ ಮ್ಯಾನ್ಮಾರ್ ಭೂಕಂಪದ್ದು, ತೀವ್ರತೆ 7.7. ನಮ್ಮ ಗಡಿಯಾರದಲ್ಲಿ 11.50ಕ್ಕೆ ಅಲ್ಲಿ ನೆಲ ಸೀಳಿತು. ಐದು ನಿಮಿಷದೊಳಗೆ ನನ್ನ ಕಂಪನ ದಾಖಲೆಯ ಗೆರೆ ನಡುಗಿತು. ಅಲ್ಲಿಯ ಸಾವುನೋವಿನ ಸುದ್ದಿ ಆಮೇಲೆ ಬಂತು. ಆ ಗೆರೆಯನ್ನು ಇಂದಿಗೂ ಭಾರವಾದ ಮನಸ್ಸಿನಿಂದಲೇ ತೆರೆಯುತ್ತೇನೆ. ಇಪ್ಪತ್ತು ಸೆಕೆಂಡಿಗೊಮ್ಮೆ ತೂಗುವ ಮೇಲ್ಮೈ ಅಲೆಗಳು ಮಾತ್ರ ಮಸುಕಾಗಿಯೇ ಉಳಿದವು. ಅದು ಈ ಉಪಕರಣದ ಮಿತಿ.

ಇದು ಓರೆಯನ್ನು ಸಹಿಸುವುದಿಲ್ಲ. ಮೃದು ಸ್ಪ್ರಿಂಗ್ ಆದ್ದರಿಂದ ರಸಮಟ್ಟ ಇಟ್ಟೇ ಕೂರಿಸಬೇಕು. ಲಂಬ ಕಂಪನಕ್ಕೆ ಮಾಡಿದ್ದನ್ನು ಅಡ್ಡ ಮಲಗಿಸಿದರೆ ಕೆಲಸ ಮಾಡದು. ಸುರುಳಿಗೆ ಸಮಾಂತರವಾಗಿ ಸರಿಯಾದ ರೋಧಕ (ರೆಸಿಸ್ಟರ್) ಜೋಡಿಸದಿದ್ದರೆ ಒಂದು ತಟ್ಟಿಗೆ ಹಲವು ಸಲ ಓಲಾಡುತ್ತದೆ. ಆದರೆ ನನಗೆ ಹೆಚ್ಚು ಲಾಭ ತಂದದ್ದು ಜಾಗದ ಬದಲಾವಣೆ. ಮಹಡಿಯಲ್ಲಿದ್ದಾಗ ನಡೆದಾಡುವ ಹೆಜ್ಜೆಗಳೇ ತುಂಬಿಕೊಳ್ಳುತ್ತಿದ್ದವು. ಈಗ ಅದು ಹಿತ್ತಲಿನ ಬಂಡೆಗೆ ಗಾರೆಯಿಂದ ಅಂಟಿಕೊಂಡಿದೆ, ಮೇಲೆ ಮುಚ್ಚಿದ ಪೆಟ್ಟಿಗೆ. ಜುಲೈ ಮಳೆ ಹೊಡೆಯುವಾಗ ಇಂದಿಗೂ ಗೆರೆ ದಪ್ಪವಾಗುತ್ತದೆ, ತೋಟದ ಪಂಪ್ ಶುರುವಾದರೂ ಅಷ್ಟೇ.

ಬಳಸಿದ ಮಾಲು ಕೊಳ್ಳುವವರು ಮಲ್ಟಿಮೀಟರ್ ಒಯ್ಯಿರಿ. ಸುರುಳಿಯ ರೋಧ ಮಾದರಿಯ ವಿವರಪತ್ರಕ್ಕೆ ಹೊಂದಬೇಕು. ನನ್ನದು 375 ಓಮ್. ಬೆರಳಿನಿಂದ ತಟ್ಟಿದಾಗ ವೋಲ್ಟೇಜ್ ಏಳದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.